ಹಳೆ ಮಾಡೆಲ್ ಎಸ್ ಮೋಟರೊಳಗೆ ಕೂಲೆಂಟ್ ಸೋರಿಕೆ: ಪತ್ತೆ ಹಚ್ಚುವುದು ಹೇಗೆ, ರಿಪೇರಿ ಮಾಡಿಸುವುದು ಹೇಗೆ

ಟೆಸ್ಲಾ ಕಂಪನಿಯ ವಿದ್ಯುತ್ ಕಾರು ಮಾಡೆಲ್ ಎಸ್ ರಸ್ತೆಗಿಳಿದದ್ದು 2012ರ ಜೂನ್‌ನಲ್ಲಿ. ಆ ಮೊದಲ ವರ್ಷಗಳ ಕಾರುಗಳು ಈಗ ಅಮೆರಿಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೊಸ ಕೊರೊಲಾಗಿಂತ ಅಗ್ಗ. ಕಾರು ತಯಾರಾದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೂ ಅಕ್ಕಪಕ್ಕದ ಸನ್ನಿವೇಲ್, ಸ್ಯಾನ್ ಹೋಸೆಗಳಲ್ಲೂ ನೆಲೆಸಿರುವ ಕನ್ನಡಿಗರಿಗೆ ಮನೆಗೆ ಎರಡನೇ ಕಾರಾಗಿ ಇದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅಲ್ಯೂಮಿನಿಯಂ ಬಾಡಿ ತುಕ್ಕು ಹಿಡಿಯುವುದಿಲ್ಲ, ಸೀಟು ಚೆನ್ನಾಗಿರುತ್ತದೆ, ಬ್ಯಾಟರಿಯೂ ಎಷ್ಟೋ ಸಲ ಪರವಾಗಿಲ್ಲ. ಕೈಕೊಡುವುದು ಹಿಂದಿನ ಎರಡು ಚಕ್ರಗಳ ನಡುವೆ ಕೂತಿರುವ ಡ್ರೈವ್ ಯೂನಿಟ್, ಅಂದರೆ ಮೋಟರ್ ಮತ್ತು ಗೇರ್ ಬಾಕ್ಸ್ ಒಟ್ಟಿಗಿರುವ ಭಾಗ. ಅದರಲ್ಲಿ ತಿರುಗುವ ಭಾಗವಾದ ರೋಟರಿನ ಶಾಫ್ಟ್‌ನ ತುದಿಯಲ್ಲಿರುವ ಒಂದು ಸಣ್ಣ ಸೀಲ್ ಸವೆದು ಕೂಲೆಂಟ್ (ತಣ್ಣಗಿಡುವ ದ್ರವ) ಮೋಟರಿನ ಒಳಕ್ಕೆ ಇಳಿಯುತ್ತದೆ. ಯೂನಿಟ್ ಬದಲಿಸಿದ ಮೇಲೂ ಕೆಲವು ವರ್ಷಕ್ಕೆ ಅದೇ ಕಥೆ ಮರುಕಳಿಸಿದ ಕಾರುಗಳಿವೆ.

ಈ ಲೇಖನ "ದೊಡ್ಡ ಡ್ರೈವ್ ಯೂನಿಟ್" ಎಂದು ಕರೆಯುವ ಮೋಟರಿಗೆ ಮಾತ್ರ. ಹಿಂಬದಿ ಮೋಟರ್ ಒಂದೇ ಇರುವ 60, 85, ಪಿ85 ಇತ್ಯಾದಿ ಕಾರುಗಳಲ್ಲೂ, ಎರಡು ಮೋಟರಿನ ಪಿ85ಡಿಯಂಥ ಪರ್ಫಾರ್ಮೆನ್ಸ್ ಕಾರುಗಳ ಹಿಂಭಾಗದಲ್ಲೂ ಇರುವುದು ಅದೇ. ಹೆಸರಿನ ಮುಂದೆ "ಪಿ" ಇಲ್ಲದ 70ಡಿ, 85ಡಿ ಕಾರುಗಳದ್ದು ಸಣ್ಣ ಯೂನಿಟ್, ಅದರ ರಚನೆ ಬೇರೆ. 2012ರಿಂದ 2014ರವರೆಗೆ ಟೊಯೋಟಾ ಮಾರಿದ ರ್‍ಯಾವ್4 ಇವಿ ಇಟ್ಟುಕೊಂಡವರು ಇದನ್ನು ಓದಿಕೊಳ್ಳಬಹುದು. ಅದರ ಮೋಟರ್ ಕೂಡ ಟೆಸ್ಲಾದ್ದೇ, ಸೋರುವ ಜಾಗವೂ ಇದೇ.

ಒಳಗೆ ಆಗುವುದೇನು

ಈ ಯೂನಿಟ್‌ನಲ್ಲಿ ಒಂದು ತುದಿಗೆ ಮೋಟರ್, ಇನ್ನೊಂದು ತುದಿಗೆ ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್, ಮಧ್ಯೆ ಗೇರ್ ಬಾಕ್ಸ್. ಗೇರ್ ಒಂದೇ, ಅನುಪಾತ 9.73. ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ರೋಟರ್ ಹತ್ತಿರ ಹತ್ತಿರ ಹತ್ತು ಸುತ್ತು ಬಂದಿರುತ್ತದೆ. 19 ಇಂಚಿನ ಚಕ್ರದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವಾಗ ರೋಟರ್ ನಿಮಿಷಕ್ಕೆ ಸುಮಾರು 7,300 ಸುತ್ತು ತಿರುಗುತ್ತಿರುತ್ತದೆ.

ಇದರಂಥ ಇಂಡಕ್ಷನ್ ಮೋಟರಿನಲ್ಲಿ ರೋಟರ್ ಕೂಡ ಚೆನ್ನಾಗಿ ಬಿಸಿಯಾಗುತ್ತದೆ. ಅದನ್ನು ತಣ್ಣಗಿಡಲು ಟೊಳ್ಳು ಶಾಫ್ಟ್‌ನೊಳಗೆ ತಿರುಗದ ಒಂದು ಕೊಳವೆ ತೂರಿಸಿ, ಅದರ ಮೂಲಕ ಕೂಲೆಂಟ್ ಹಾಯಿಸಿದ್ದಾರೆ. ಕೊಳವೆಯಿಂದ ಒಳಹೋದ ಕೂಲೆಂಟ್ ಅದರ ಸುತ್ತಲಿನ ಸಂದಿಯಲ್ಲೇ ವಾಪಸು ಬರುತ್ತದೆ. ನಿಂತ ಭಾಗಕ್ಕೂ ತಿರುಗುವ ಶಾಫ್ಟ್‌ಗೂ ನಡುವೆ ಈ ದ್ರವವನ್ನು ತಡೆದಿಡುವ ಕೆಲಸ ತುಟಿಯಂಥ ಅಂಚಿರುವ ಒಂದು ಸೀಲಿನದು. ಸಾಮಾನ್ಯ ಆಯಿಲ್ ಸೀಲಿಗೆ ಎಣ್ಣೆಯ ಜಿಡ್ಡಾದರೂ ಆಸರೆಯಾಗಿರುತ್ತದೆ. ಇಲ್ಲಿರುವುದು ಗ್ಲೈಕಾಲ್ ಬೆರೆತ ನೀರು. ಸಾವಿರಾರು ಸುತ್ತಿನ ವೇಗದಲ್ಲಿ ಸೀಲಿನ ತುಟಿ ಸವೆಯುತ್ತದೆ, ಶಾಫ್ಟ್ ಮೇಲೂ ಗೀರು ಬೀಳುತ್ತದೆ. ಗೀರು ಬಿದ್ದ ಶಾಫ್ಟ್‌ಗೆ ಹೊಸ ಸೀಲ್ ಹಾಕಿದರೆ ಅದೂ ಬೇಗ ಹೋಗುತ್ತದೆ. ದೋಷ ಮರುಕಳಿಸುವುದರ ಗುಟ್ಟು ಇಷ್ಟೇ.

ಸೀಲ್ ದಾಟಿದ ಕೂಲೆಂಟ್ ಮೊದಲು ಸಿಕ್ಕುವುದು ರೋಟರಿನ ವೇಗ ಅಳೆಯುವ ಸ್ಪೀಡ್ ಸೆನ್ಸರಿಗೆ. ಆಮೇಲೆ ಬೇರಿಂಗ್, ಅಲ್ಲಿಂದ ರೋಟರಿನ ಸುತ್ತ ತಿರುಗದೆ ನಿಂತಿರುವ ಸ್ಟೇಟರಿನ ತಂತಿ ಸುರುಳಿ. ತೀರಾ ತಡವಾದರೆ ಇನ್ವರ್ಟರ್ ಕಡೆಗೂ ತೇವ ತಲುಪುತ್ತದೆ. ಸ್ಟೇಟರ್ ನೆನೆಯುವ ಮುಂಚೆ ಹಿಡಿದರೆ ಇದು ಸೀಲು ಬೇರಿಂಗಿನ ಖರ್ಚಿನಲ್ಲಿ ಮುಗಿಯುವ ಕೆಲಸ. ನೆನೆದ ಮೇಲೆ ಯೂನಿಟ್ ಉಳಿಯುವುದು ಅದೃಷ್ಟ.

ಕಾರು ತಾನಾಗಿ ಹೇಳಲಿ ಎಂದು ಕಾಯಬೇಡಿ

ತಂತಿಯ ಇನ್ಸುಲೇಶನ್ ಕುಸಿದಾಗ ಕಾರು ಎಚ್ಚರಿಕೆ ಕೊಡುತ್ತದೆ ನಿಜ. ಆದರೆ ಆ ಹೊತ್ತಿಗೆ ಬಹಳ ತಡವಾಗಿರುತ್ತದೆ. ಮೋಟರ್ ರಿವೈಂಡಿಂಗ್ ಮಾಡುವವರು ಈ ಗಾತ್ರದ ಸುರುಳಿಗೆ ಇನ್ಸುಲೇಶನ್ ರೋಧ ಕನಿಷ್ಠ 5 ಮೆಗಾಓಮ್ (50 ಲಕ್ಷ ಓಮ್) ಇರಬೇಕು ಎನ್ನುತ್ತಾರೆ; ಒಣಗಿದ ಒಳ್ಳೆಯ ಸುರುಳಿ ನೂರಾರು ತೋರಿಸುತ್ತದೆ. ವಿದ್ಯುತ್ ವಾಹನಗಳ ಸುರಕ್ಷತೆಗೆ ವಿಶ್ವಸಂಸ್ಥೆಯ ಆರ್-100 ನಿಯಮ ಎಸಿ ಭಾಗ ಕೂಡಿದ ಸರ್ಕ್ಯೂಟಿಗೆ ಕೇಳುವುದು ವೋಲ್ಟ್‌ಗೆ 500 ಓಮ್ ಮಾತ್ರ. 400 ವೋಲ್ಟಿನ ಕಾರಿಗೆ ಅದು 0.2 ಮೆಗಾಓಮ್. ಆ ನಿಯಮ ಜನರಿಗೆ ಶಾಕ್ ಹೊಡೆಯದಂತೆ ಇರುವುದು, ಮೋಟರಿನ ಆರೋಗ್ಯ ಕಾಯಲು ಅಲ್ಲ. ಎರಡು ಅಂಕಿಗಳ ನಡುವಿನ ಅಂತರ 25 ಪಟ್ಟು. ಆ ಅಂತರದಲ್ಲಿ ಸುರುಳಿ ಎಷ್ಟು ಕೆಟ್ಟಿದ್ದರೂ ನಿಯಮದ ಲೆಕ್ಕಕ್ಕೆ ಕಾರು ಪಾಸು.

ಅದಕ್ಕೂ ಮುಂಚೆ ಸಿಗುವ ಸುಳಿವುಗಳು ಕಡಿಮೆ. ಮುಂದಿನ ಬಾನೆಟ್ ಕೆಳಗಿರುವ ಕೂಲೆಂಟ್ ಡಬ್ಬಿಯ ಮಟ್ಟವನ್ನು ಬೆಳಗ್ಗೆ ಕಾರು ತಣ್ಣಗಿರುವಾಗ ನೋಡಿ, ಮಾರ್ಕರ್‌ನಿಂದ ಗೆರೆ ಎಳೆದು ದಿನಾಂಕ ಬರೆದಿಡಿ. ಈ ವ್ಯವಸ್ಥೆ ಮುಚ್ಚಿದ್ದು, ಕೂಲೆಂಟ್ ಆವಿಯಾಗಿ ಖಾಲಿಯಾಗುವಂಥದ್ದಲ್ಲ. ಮಟ್ಟ ಇಳಿಯುತ್ತಿದ್ದು ನೆಲದ ಮೇಲೆ ಒಂದು ಹನಿಯೂ ಇಲ್ಲದಿದ್ದರೆ ಮೋಟರಿನ ಮೇಲೆ ಅನುಮಾನ ಪಡಲೇಬೇಕು. ಬೇಸಿಗೆಯಲ್ಲಿ ಕಾರಿನ ಮುಂಭಾಗದ ಕೆಳಗೆ ಕಾಣುವ ಶುಭ್ರ ನೀರು ಎಸಿಯದ್ದು, ಅದನ್ನು ಬಿಟ್ಟುಬಿಡಿ. ಮಟ್ಟ ಸರಿಯಾಗಿದೆ ಎಂದು ನಿಶ್ಚಿಂತರಾಗಲೂ ಆಗದು. ಡಬ್ಬಿಯಲ್ಲಿ ಗೊತ್ತಾಗದಷ್ಟು ಸ್ವಲ್ಪ ದ್ರವವೇ ಬೇರಿಂಗ್ ತುಕ್ಕು ಹಿಡಿಸಲು ಸಾಕು.

ಸೆನ್ಸರ್ ತೆಗೆದು ನೋಡುವುದು

ನಂಬಬಹುದಾದ ಪರೀಕ್ಷೆ ಎಂದರೆ ಇದೊಂದೇ. ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಗಂಟೆಯೊಳಗಿನ ಕೆಲಸ. ಡ್ರೈವ್ ಯೂನಿಟ್ ಇಳಿಸಬೇಕಿಲ್ಲ, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಯಾವುದನ್ನೂ ಮುಟ್ಟಬೇಕಿಲ್ಲ. ಬೇಕಾದ್ದು: ಉದ್ದ ಎಕ್ಸ್‌ಟೆನ್ಶನ್ ಇರುವ ರ್‍ಯಾಚೆಟ್ ಸ್ಪ್ಯಾನರ್, ಟಾರ್ಚ್, ಬಿಳಿ ಟಿಶ್ಯೂ ಕಾಗದ, ಒಂದು ಬ್ರಷ್. ಫೋನಿಗೆ ಹಾಕುವ ಸಣ್ಣ ಬೋರ್‌ಸ್ಕೋಪ್ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು.

1. ಏರ್ ಸಸ್ಪೆನ್ಶನ್ ಇರುವ ಕಾರಾದರೆ ಎತ್ತುವ ಮುಂಚೆ ಪರದೆಯಲ್ಲಿ ಜಾಕ್ ಮೋಡ್ ಹಾಕಿ. ಎರಡು ಟನ್ ದಾಟುವ ಕಾರಿದು. ನಿಗದಿತ ನಾಲ್ಕು ಜಾಕ್ ಪಾಯಿಂಟ್‌ಗಳಲ್ಲೇ ಎತ್ತಿ. ಅಡಿಯಲ್ಲಿ ಚಪ್ಪಟೆಯಾಗಿ ಕಾಣುವುದೆಲ್ಲ ಬ್ಯಾಟರಿ, ಅದಕ್ಕೆ ಜಾಕ್ ಕೊಟ್ಟರೆ ಈ ರಿಪೇರಿಗಿಂತ ದೊಡ್ಡ ಬಿಲ್ಲು ಬರುತ್ತದೆ. ಮನೆಯಲ್ಲೇ ಮಾಡುವುದಾದರೆ ಜಾಕ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ತೂರಬೇಡಿ.

2. ಪರದೆಯಿಂದ ಕಾರನ್ನು ಪವರ್ ಆಫ್ ಮಾಡಿ, ಕೀಯನ್ನು ದೂರ ಇಡಿ.

3. ಹಿಂಭಾಗದ ಅಡಿ ಹೊದಿಕೆ ಬಿಚ್ಚಿ. ಕೈ ಆಡದಿದ್ದರೆ ಆ ಕಡೆಯ ಚಕ್ರವನ್ನೂ ಅದರ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯಿರಿ. ನೋಡಬೇಕಾದ್ದು ಮೋಟರ್ ಇರುವ ತುದಿಯನ್ನು. ಇನ್ವರ್ಟರ್ ತುದಿಗೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಮೋಟರಿನ ಕೊನೆಯ ಮುಚ್ಚಳದ ಮೇಲೆ ಒಂದೇ ಬೋಲ್ಟ್‌ನಿಂದ ಕೂರಿಸಿದ, ತೆಳು ವೈರಿನ ಕನೆಕ್ಟರ್ ಇರುವ ಸಣ್ಣ ಕಪ್ಪು ಭಾಗವೇ ಸ್ಪೀಡ್ ಸೆನ್ಸರ್.

4. ಬಿಚ್ಚುವ ಮುಂಚೆ ಸುತ್ತಲಿನ ಧೂಳು, ಮರಳನ್ನು ಬ್ರಷ್‌ನಿಂದ ಚೆನ್ನಾಗಿ ತೆಗೆಯಿರಿ. ಈ ಹಂತ ಬಿಟ್ಟವರು ಸೆನ್ಸರ್ ಎಳೆದ ಕೂಡಲೇ ಮರಳನ್ನು ತಾವೇ ಬೇರಿಂಗಿಗೆ ಕೊಟ್ಟಂತಾಗುತ್ತದೆ.

5. ಕನೆಕ್ಟರಿನ ಲಾಕ್ ಎತ್ತಿ ಬಿಡಿಸಿ, ಬೋಲ್ಟ್ ತೆಗೆದು, ಸೆನ್ಸರನ್ನು ಆಚೀಚೆ ಸ್ವಲ್ಪ ತಿರುಗಿಸುತ್ತ ನೇರವಾಗಿ ಹೊರಗೆಳೆಯಿರಿ. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ, ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ.

6. ತುದಿಯನ್ನು ಒರೆಸುವ ಮುಂಚೆ ಫೋಟೊ ತೆಗೆಯಿರಿ. ಆಮೇಲೆ ಬಿಳಿ ಟಿಶ್ಯೂಗೆ ಒತ್ತಿ.

ಈಗ ಟಿಶ್ಯೂ ಮೇಲಿನ ಕಲೆಯನ್ನು ಓದಬೇಕು. ಕಾರಿನಲ್ಲಿರುವುದು ಜಿ-48 ಜಾತಿಯ ಕೂಲೆಂಟ್, ನೀಲಿ ಅಥವಾ ನೀಲಿ ಹಸಿರು. ಹಸಿಯಾಗಿದ್ದರೆ ಬೆರಳಿಗೆ ಸಕ್ಕರೆ ಪಾಕದಂತೆ ಅಂಟಂಟು. ಒಣಗಿದ್ದರೆ ಸೆನ್ಸರಿನ ಅಂಚಿನಲ್ಲಿ ಬಿಳಿಚಿದ ನೀಲಿ ಪುಡಿ, ಗಡಸು ನೀರಿನ ನಲ್ಲಿಯ ಬಾಯಲ್ಲಿ ಕಟ್ಟಿಕೊಳ್ಳುವ ಉಪ್ಪಿನ ಹಾಗೆ. ಕಂದು ಬಣ್ಣ ಕಂಡರೆ ಲೋಹ ತುಕ್ಕು ಹಿಡಿಯತೊಡಗಿದೆ. ಎಣ್ಣೆಯೋ ಕೂಲೆಂಟೋ ಎಂಬ ಅನುಮಾನ ಬಂದರೆ ಟಿಶ್ಯೂವಿನ ಆ ತುಂಡನ್ನು ಒಂದು ಲೋಟ ನೀರಿಗೆ ಹಾಕಿ. ಕೂಲೆಂಟ್ ನೀರಿನಲ್ಲಿ ಕರಗಿಹೋಗುತ್ತದೆ, ಎಣ್ಣೆ ಮೇಲೆ ತೇಲಿ ಪೊರೆ ಕಟ್ಟುತ್ತದೆ. ಗ್ಲೈಕಾಲ್ ಸಿಹಿ, ಆದರೆ ವಿಷ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ, ನಾಯಿ ಬೆಕ್ಕಿಗೆ ಸಿಗುವಂತೆಯೂ ಬಿಡಬೇಡಿ.

ಸೆನ್ಸರ್ ಕೂತಿದ್ದ ತೂತಿನೊಳಗೆ ಬೋರ್‌ಸ್ಕೋಪ್ ಇಳಿಸಿದರೆ ಹಲ್ಲಿನ ಚಕ್ರವೊಂದು ಕಾಣುತ್ತದೆ. ಅದರ ಹಲ್ಲುಗಳು ಬೂದು ಬಣ್ಣದಲ್ಲಿ ಒಣಗಿದ್ದರೆ ಸಮಾಧಾನ. ತೂತಿಗೆ ಹತ್ತಿ, ಟಿಶ್ಯೂ ತೂರಿಸಬೇಡಿ, ಎಳೆ ಒಳಗೇ ಉಳಿದುಬಿಡುತ್ತದೆ. ಮರುಜೋಡಿಸುವಾಗ ಓ-ರಿಂಗ್ ಹರಿದಿಲ್ಲವೇ ನೋಡಿ, ಬೋಲ್ಟನ್ನು ಮೊದಲು ಬೆರಳಿನಲ್ಲೇ ಕೂರಿಸಿ, ಆಮೇಲೆ ಮ್ಯಾನುಯಲ್ ಹೇಳಿದ ಬಿಗಿತದ ಅಳತೆಗೆ, ಅಂದರೆ ಟಾರ್ಕ್‌ಗೆ ಬಿಗಿ ಮಾಡಿ. ಟೆಸ್ಲಾದ ಸರ್ವಿಸ್ ಮ್ಯಾನುಯಲ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಅಂದಾಜಿನ ಮೇಲೆ ಬಿಗಿ ಮಾಡುವ ದರ್ದಿಲ್ಲ. ಕನೆಕ್ಟರ್ "ಟಿಕ್" ಎನ್ನುವವರೆಗೆ ಒತ್ತಿ. ಅದು ಅರ್ಧ ಕೂತರೆ ಕಾರು ದೋಷ ತೋರಿಸಿ ನಿಂತುಬಿಡುತ್ತದೆ, ನೀವು ಇಲ್ಲದ ಕಾಯಿಲೆ ಹುಡುಕುತ್ತ ಕೂರುತ್ತೀರಿ.

ಕಂಡದ್ದಕ್ಕೆ ತಕ್ಕಂತೆ

ಪೂರ್ತಿ ಒಣಗಿದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಒಣಗಿದ ಪುಡಿ ಮಾತ್ರ ಇದ್ದರೆ ಒರೆಸಿ, ಓಡೋಮೀಟರ್ ಬರೆದಿಟ್ಟು, 500 ಮೈಲಿ ಓಡಿಸಿ ಮತ್ತೆ ತೆಗೆದು ನೋಡಿ. ಹಿಂದಿನ ಮಾಲೀಕರ ಕಾಲದಲ್ಲಿ ನಿಂತುಹೋದ ಗುರುತೋ ಈಗಲೂ ಸೋರುತ್ತಿರುವುದೋ ಆಗ ತಿಳಿಯುತ್ತದೆ. ಹಸಿ ನೀಲಿ ಕಂಡರೆ ದೂರ ಪ್ರಯಾಣ ರದ್ದು ಮಾಡಿ, ಕಾರನ್ನು ಆದಷ್ಟು ಕಡಿಮೆ ಓಡಿಸುತ್ತ ರಿಪೇರಿಗೆ ದಿನ ಗೊತ್ತು ಮಾಡಿ. ಸೆನ್ಸರ್ ತೆಗೆದ ಕೂಡಲೇ ದ್ರವ ಹರಿದು ಬಂದರೆ, ಇಲ್ಲವೇ ಪರದೆಯಲ್ಲಿ ಈಗಾಗಲೇ ಇನ್ಸುಲೇಶನ್ ದೋಷ ಅಥವಾ "ಕಾರು ಮತ್ತೆ ಸ್ಟಾರ್ಟ್ ಆಗದಿರಬಹುದು" ಎಂಬ ಸಂದೇಶ ಬಂದಿದ್ದರೆ, ಟೋಯಿಂಗ್ ಟ್ರಕ್ಕಿನಲ್ಲಿ ಕಳಿಸಿ. ಫ್ಲಾಟ್ ಬೆಡ್ ಟ್ರಕ್ಕೇ ಬೇಕು. ಹಿಂದಿನ ಚಕ್ರ ನೆಲದ ಮೇಲೆ ಉರುಳುವಂತೆ ಎಳೆದರೆ ಮೋಟರ್ ತಿರುಗುತ್ತದೆ.

ಸದ್ದಿನ ವಿಷಯದಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ನಿಂತಲ್ಲಿಂದ ಹೊರಡುವಾಗ ಒಮ್ಮೆ "ಟಕ್" ಎಂದರೆ ಅದು ಹೆಚ್ಚಾಗಿ ಆಕ್ಸಲ್ ಶಾಫ್ಟ್ ಕೂರುವ ಹಲ್ಲುಗಳದ್ದು, ಗ್ರೀಸ್ ಹಚ್ಚಿ ನಟ್ ಸರಿಯಾದ ಟಾರ್ಕ್‌ಗೆ ಬಿಗಿ ಮಾಡಿದರೆ ಹೋಗಬಹುದು. ಹಿಟ್ಟಿನ ಗಿರಣಿ ದೂರದಲ್ಲಿ ಓಡುತ್ತಿರುವಂತೆ ವೇಗದ ಜೊತೆ ಏರುವ ಗುಂಯ್‌ಗುಟ್ಟುವಿಕೆ ಬೇರಿಂಗಿನದು. ಬೇರಿಂಗ್ ಕೆಡಲು ಕೂಲೆಂಟೇ ಬೇಕಿಲ್ಲ. ಇನ್ವರ್ಟರಿನಿಂದ ಶಾಫ್ಟ್‌ಗೆ ಬರುವ ವೋಲ್ಟೇಜ್ ಉಕ್ಕಿನ ಗುಂಡುಗಳ ಮೂಲಕ ಕಿಡಿಯಾಗಿ ಹಾದು ಬೇರಿಂಗಿನ ದಾರಿಯಲ್ಲಿ ಗೀರು ಮೂಡಿಸುತ್ತದೆ. ಮೊದಲ ವರ್ಷಗಳ ಯೂನಿಟ್‌ಗಳ ಕುಖ್ಯಾತ ಗಿರಣಿ ಸದ್ದಿಗೆ ಇದು ಕಾರಣವಾಗಿತ್ತು. ಸೆರಾಮಿಕ್ ಗುಂಡಿನ ಬೇರಿಂಗ್ ವಿದ್ಯುತ್ ಹಾಯಲು ಬಿಡುವುದಿಲ್ಲ. ಮೋಟರ್ ಬಿಚ್ಚಿದಾಗ ಅದನ್ನೇ ಹಾಕಿಸಿ, ಇಲ್ಲಿ ಉಳಿತಾಯ ಬೇಡ.

ರಿಪೇರಿಯ ಮೂರು ದಾರಿ

ಮೊದಲನೆಯದು ಕಂಪನಿಯಿಂದ ರಿಪೇರಿಯಾದ ಯೂನಿಟ್‌ಗೆ ಅದಲುಬದಲು. ಸಾವಿರಾರು ಡಾಲರ್ ಆಗುತ್ತದೆ, ಕಾರಿನ ಬೆಲೆ ಇಳಿದಿರುವ ಈ ಕಾಲದಲ್ಲಿ ಮೂಗಿಗಿಂತ ಮೂಗುತಿ ಭಾರ ಅನ್ನಿಸಬಹುದು. ಆದರೂ ಸ್ಟೇಟರ್ ಸುಟ್ಟ ಕಾರಿಗೆ ಹೆಚ್ಚಾಗಿ ಇದೇ ಸರಿ. ಎರಡನೆಯದು ಗುಜರಿ ಕಾರಿನ ಯೂನಿಟ್. ಅಗ್ಗವೆಂದು ಆಸೆ ಹುಟ್ಟುತ್ತದೆ. ಅದೇ ವಯಸ್ಸಿನ, ಅದೇ ಸೀಲಿನ ಯೂನಿಟ್ ಅದು. ಮೇಲಾಗಿ ತಿಂಗಳುಗಟ್ಟಲೆ ಬಯಲಿನಲ್ಲಿ ಬಿದ್ದಿದ್ದರೆ ಒಳಗಿನ ತೇವ ತನ್ನ ಕೆಲಸ ಮುಗಿಸಿರುತ್ತದೆ. ಜೋಡಿಸಿದ ಮೇಲೆ ಸಾಫ್ಟ್‌ವೇರ್ ಹೊಂದಿಸುವ ಕೆಲಸ ಬೇರೆ. ಸೆನ್ಸರ್ ತೆಗೆದು ನೋಡಲು ಬಿಡದ ಗುಜರಿಯವನಿಂದ ಕೊಳ್ಳಲೇಬೇಡಿ.

ಮೂರನೆಯದು ನಿಮ್ಮದೇ ಯೂನಿಟ್ ಬಿಚ್ಚಿ ಸರಿಪಡಿಸುವುದು. ಇದರಲ್ಲಿ ಮತ್ತೆ ಎರಡು ಬಗೆ: ಬರೀ ಹೊಸ ಸೀಲ್ ಹಾಕುವುದು, ಅಥವಾ ರೋಟರಿನೊಳಗೆ ಕೂಲೆಂಟ್ ಹೋಗುವುದನ್ನೇ ನಿಲ್ಲಿಸುವುದು. ಎರಡನೆಯದಕ್ಕೆ ಈ ವಲಯದಲ್ಲಿ "ಕೂಲೆಂಟ್ ಡಿಲೀಟ್" ಎನ್ನುತ್ತಾರೆ. ಮೋಟರಿನ ತುದಿಯಲ್ಲಿ ಕೂಲೆಂಟ್ ಹಂಚುವ ಮ್ಯಾನಿಫೋಲ್ಡ್ ಬದಲಿಸಿ, ಕೂಲೆಂಟ್ ಶಾಫ್ಟ್‌ನೊಳಗೆ ಹೋಗದೆ ಅಲ್ಲೇ ತಿರುಗಿ ಹೊರಹೋಗುವಂತೆ ಮಾಡುತ್ತಾರೆ. ಸ್ಟೇಟರಿಗೂ ಇನ್ವರ್ಟರಿಗೂ ತಂಪು ಮೊದಲಿನಂತೆಯೇ ಸಿಗುತ್ತದೆ. ಕಂಪನಿಯೇ ತನ್ನ ಇತ್ತೀಚಿನ ರಿಪೇರಿ ಯೂನಿಟ್‌ಗಳಲ್ಲಿ ಈ ದಾರಿ ಹಿಡಿದಿದೆ. ನಷ್ಟವಿಲ್ಲವೆಂದಲ್ಲ, ರೋಟರ್ ಮೊದಲಿಗಿಂತ ಬಿಸಿಯಾಗುತ್ತದೆ. ರೇಸ್ ಟ್ರ್ಯಾಕಿಗೆ ಒಯ್ಯುವವರು, ಭಾರದ ಟ್ರೇಲರ್ ಎಳೆದುಕೊಂಡು ಘಾಟಿ ಹತ್ತುವವರು ಯೋಚಿಸಬೇಕು. ಆಫೀಸು, ಮಕ್ಕಳ ಶಾಲೆ, ವಾರಾಂತ್ಯಕ್ಕೆ ಲೇಕ್ ತಾಹೋ ಎನ್ನುವ ಕಾರಿಗೆ ಬರೀ ಸೀಲ್ ಹಾಕಿಸುವುದು ದುಡ್ಡು ದಂಡ ಎಂಬುದೇ ನಮ್ಮ ಅಭಿಪ್ರಾಯ.

ಗ್ಯಾರೇಜಿನವರಿಗೆ ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ: ರೋಟರಿನೊಳಗೆ ಕೂಲೆಂಟ್ ಹೋಗುತ್ತದೆಯೋ ಇಲ್ಲವೋ? ಶಾಫ್ಟ್‌ನ ಗೀರಿಗೆ ಏನು ಮಾಡುತ್ತೀರಿ? ಬೇರಿಂಗ್ ಸೆರಾಮಿಕ್ಕೇ? ಜೋಡಿಸುವ ಮುಂಚೆ ಸ್ಟೇಟರನ್ನು ಮೆಗ್ಗರ್ ಮಾಡಿ (ಇನ್ಸುಲೇಶನ್ ರೋಧ ಅಳೆದು) ಅಂಕಿ ಬರೆದು ಕೊಡುತ್ತೀರಾ? ಯೂನಿಟ್ ಅದಲುಬದಲಾದರೆ ಅದರ ಸ್ಟಿಕ್ಕರಿನ ಪಾರ್ಟ್ ನಂಬರನ್ನು ಕೊನೆಯ ಅಕ್ಷರದ ಸಮೇತ ಬಿಲ್ಲಿನಲ್ಲಿ ಬರೆಯುತ್ತೀರಾ? ಎಷ್ಟನೇ ಪರಿಷ್ಕರಣೆಯ ಯೂನಿಟ್ ಎಂದು ಹೇಳುವುದು ಆ ಅಕ್ಷರವೇ.

ಬಿಚ್ಚುವವರಿಗೆ ಮಾತ್ರ

ಯೂನಿಟ್ ಇಳಿಸುವುದು ಮನೆ ಅಂಗಳದ ಕೆಲಸವಲ್ಲ. ನೂರು ಕಿಲೋ ಮೀರಿದ ತೂಕ, 400 ವೋಲ್ಟ್ ಡಿಸಿ. 12 ವೋಲ್ಟ್ ಬ್ಯಾಟರಿ ಬಿಡಿಸಿ, ಮ್ಯಾನುಯಲ್ ಹೇಳಿದ ಕ್ರಮದಲ್ಲಿ ಹೈ ವೋಲ್ಟೇಜ್ ಕಡಿದು, ಕೆಪಾಸಿಟರ್ ಖಾಲಿಯಾಗಲು ಸಮಯ ಕೊಡಿ. 1000 ವೋಲ್ಟ್ ದರ್ಜೆಯ ರಬ್ಬರ್ ಗ್ಲೌಸ್ ಹಾಕಿಕೊಂಡು ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕಿತ್ತಳೆ ಕೇಬಲ್‌ಗೆ ಕೈ ಹಾಕಿ. ಮೀಟರನ್ನು ಮೊದಲೊಮ್ಮೆ, ಕೊನೆಗೊಮ್ಮೆ ಗೊತ್ತಿರುವ ವೋಲ್ಟೇಜಿನ ಮೇಲೆ ಪರೀಕ್ಷಿಸಬೇಕು. ಕೆಟ್ಟ ಮೀಟರ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ.

ಮೆಗ್ಗರ್ ಮಾಡುವಾಗ ಸುರುಳಿಯ ಮೂರು ಫೇಸ್ ತುದಿಗಳನ್ನು ಇನ್ವರ್ಟರಿನಿಂದ ಬಿಡಿಸಿರಲೇಬೇಕು. 500 ವೋಲ್ಟ್ ಇನ್ವರ್ಟರಿಗೆ ಹೋದರೆ ಅದೇ ಹೊಸ ದೋಷ. ನೆನೆದ ಸ್ಟೇಟರನ್ನು ಡಿಮಿನರಲೈಸ್ಡ್ ನೀರಿನಿಂದ ತೊಳೆದು ನಿಧಾನ ಶಾಖದಲ್ಲಿ ಒಣಗಿಸಿದರೆ ಕೆಲವೊಮ್ಮೆ ಅಂಕಿ ಮೇಲೇರುತ್ತದೆ. ಗ್ಲೈಕಾಲ್ ಬರೀ ಗಾಳಿಗೆ ಆರುವುದಿಲ್ಲ, ತೊಳೆಯದೆ ಒಣಗಿಸಿದರೆ ಜಿಡ್ಡು ಉಳಿದು ಮತ್ತೆ ತೇವ ಎಳೆಯುತ್ತದೆ. ಒಣಗಿದ ದಿನ ಬಂದ ಅಂಕಿಯನ್ನು ನಂಬಿ ಮುಚ್ಚಬೇಡಿ. ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ.

ಮತ್ತೆ ತುಂಬುವಾಗ ಜಿ-48ನ್ನೇ, ಡಿಮಿನರಲೈಸ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಬಳಸಿ. ಪೆಟ್ರೋಲ್ ಕಾರಿನ ಹಸಿರು ಕೂಲೆಂಟ್ ಬೇಡ, ನಲ್ಲಿ ನೀರಂತೂ ಬೇಡವೇ ಬೇಡ. ಇದೇ ಕೂಲೆಂಟ್ ಬ್ಯಾಟರಿಗೂ ಹೋಗುವುದು. ಕೊಳವೆಗಳಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳದಂತೆ ವ್ಯಾಕ್ಯೂಮ್ ಫಿಲ್ಲರಿನಲ್ಲಿ ತುಂಬಿ, ಮೊದಲ ವಾರ ದಿನಾ ಬೆಳಗ್ಗೆ ಮಟ್ಟ ನೋಡಿ. ಒಮ್ಮೆ ಸ್ವಲ್ಪ ಇಳಿದು ನಿಂತರೆ ಗಾಳಿ ಹೊರಬಂದದ್ದು. ಇಳಿಯುತ್ತಲೇ ಇದ್ದರೆ ಮತ್ತೆ ಸೆನ್ಸರ್ ತೆಗೆಯಿರಿ.

ಕಾಗದ ಪತ್ರ

2014ರ ಆಗಸ್ಟ್‌ನಲ್ಲಿ ಟೆಸ್ಲಾ 85 ಕಿಲೋವ್ಯಾಟ್ ಅವರ್ ಕಾರುಗಳ ಡ್ರೈವ್ ಯೂನಿಟ್‌ಗೆ 8 ವರ್ಷ, ಮೈಲಿ ಮಿತಿಯಿಲ್ಲದ ವಾರಂಟಿ ಘೋಷಿಸಿ, ಅದನ್ನು ಆಗಲೇ ಮಾರಿದ್ದ ಕಾರುಗಳಿಗೂ ಅನ್ವಯಿಸಿತು. ಒಂದೇ ಮೋಟರಿನ ಹಳೆ ಕಾರುಗಳಿಗೆ ಆ 8 ವರ್ಷ ಈಗ ಮುಗಿದಿದೆ. ಕೊನೆಯ ವರ್ಷಗಳ ಪರ್ಫಾರ್ಮೆನ್ಸ್ ಕಾರಿನವರು ಮಾತ್ರ ಮೊದಲ ಮಾಲೀಕರಿಗೆ ಕಾರು ಸಿಕ್ಕ ದಿನಾಂಕ ನೋಡಿ ಲೆಕ್ಕ ಹಾಕಲಿ. ಅವಧಿ ಉಳಿದಿದ್ದರೆ ಸೆನ್ಸರ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ವಾರಂಟಿಯ ಹೊರಗಿನ ಬದಲಿ ಯೂನಿಟ್‌ಗೂ ಪ್ರತ್ಯೇಕ ವಾರಂಟಿ ಇರುತ್ತದೆ. ಎಷ್ಟು ತಿಂಗಳು, ಎಷ್ಟು ಮೈಲಿ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ಹೋಯಿತು ಎಂದು ಅಮೆರಿಕದಲ್ಲಿ ಹೇಳುವಂತಿಲ್ಲ, 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಅದಕ್ಕೆ ಅಡ್ಡ ನಿಲ್ಲುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜ್ ಲಿಖಿತ ಅಂದಾಜು ಕೊಡಬೇಕು, ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮೀರುವಂತಿಲ್ಲ. ತೆಗೆದ ಹಳೆ ಭಾಗ ಬೇಕಾದರೆ ಕೆಲಸ ಒಪ್ಪಿಸುವಾಗಲೇ ಕೇಳಿ. ಅದಲುಬದಲಿಗೆ ವಾಪಸು ಹೋಗುವ ಭಾಗವಾದರೆ ಕನಿಷ್ಠ ತೋರಿಸಿ ಎನ್ನಿ. ಸವೆದ ಸೀಲು, ಗೀರು ಬಿದ್ದ ಶಾಫ್ಟ್ ಇವುಗಳ ಫೋಟೊ ಮುಂದೆ ತಕರಾರಾದರೆ ನಿಮ್ಮ ಸಾಕ್ಷಿ. ಸಣ್ಣ ಮೊತ್ತದ ತಕರಾರು ಕೇಳುವ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯದಲ್ಲಿ ವ್ಯಕ್ತಿಯೊಬ್ಬರು 12,500 ಡಾಲರ್‌ವರೆಗೆ ಕೇಳಬಹುದು, ಅಲ್ಲಿ ವಕೀಲರೇ ಬೇಡ. ನಾರ್ವೆಯಲ್ಲಿರುವವರಿಗೆ ಬಾಳಿಕೆ ಬರಬೇಕಾದ ವಸ್ತುಗಳ ಮೇಲೆ ಮಾರಿದವರ ಬಳಿ 5 ವರ್ಷದವರೆಗೆ ದೂರುವ ಹಕ್ಕಿದೆ. ಬದಲಿಸಿದ ಯೂನಿಟ್ ಮತ್ತೆ ಸೋರಿದರೆ ಅದನ್ನೂ ಪ್ರಸ್ತಾಪಿಸಿ ನೋಡಿ.

ದೂರಿನ ಕಡತದಲ್ಲಿ ಇರಬೇಕಾದ್ದು: ಎಚ್ಚರಿಕೆ ಬಂದ ದಿನ, ಓಡೋಮೀಟರ್, ಪರದೆಯ ಫೋಟೊ, ಕೂಲೆಂಟ್ ಎಷ್ಟು ಮಿಲಿ ಯಾವತ್ತು ಸೇರಿಸಿದಿರಿ, ಒರೆಸುವ ಮುಂಚಿನ ಸೆನ್ಸರ್ ತುದಿ. "ಮೋಟರ್ ಸದ್ದು ಮಾಡುತ್ತದೆ" ಎಂದು ಬರೆಸಿದರೆ "ಸದ್ದು ಸಹಜ" ಎಂಬ ಉತ್ತರ ಬರುತ್ತದೆ. "ಸ್ಪೀಡ್ ಸೆನ್ಸರ್ ಮೇಲೆ ಹಸಿ ಕೂಲೆಂಟ್ ಇದೆ, ಫೋಟೊ ಲಗತ್ತಿಸಿದೆ" ಎಂದು ಬರೆಸಿ.

ಇನ್ನು ಕೊಳ್ಳಲು ಹೊರಟವರಿಗೆ. ಮಾರುವವರು "ಹೋದ ವರ್ಷವಷ್ಟೇ ಡ್ರೈವ್ ಯೂನಿಟ್ ಹೊಸದಾಗಿ ಹಾಕಿಸಿದ್ದೇವೆ" ಎಂದರೆ ಬಿಲ್ಲು ಕೇಳಿ, ಪಾರ್ಟ್ ನಂಬರ್ ಓದಿ, ಲಿಫ್ಟ್‌ಗೆ ಏರಿಸಿ ಸೆನ್ಸರ್ ತೆಗೆಸಿ. ಲಿಫ್ಟ್ ಬಾಡಿಗೆ ನಾನೇ ಕೊಡುತ್ತೇನೆ ಎಂದರೂ ಒಪ್ಪದಿದ್ದರೆ ಬೇರೆ ಕಾರು ನೋಡಿ, ಬೇ ಏರಿಯಾದಲ್ಲಿ ಹಳೆ ಮಾಡೆಲ್ ಎಸ್‌ಗೆ ಬರವಿಲ್ಲ.